ಲಸಿಕೆ ‘ಕಡ್ಡಾಯ’ ಎಂಬ ಕಲಂ ಬರೆಯುವ ಮುನ್ನ

ಕರ್ನಾಟಕ ವಿಧಾನಮಂಡಲದ ಉಭಯ ಸದನಗಳ ಮಾನ್ಯ ಸದಸ್ಯರಿಗೆ,

ಗೌರವಪೂರ್ವಕ ನಮಸ್ಕಾರಗಳು.

ನಾನು ಮಲೆನಾಡಿನ ಉಪಕೇಂದ್ರಗಳಲ್ಲಿ ಮಹಿಳಾ ಆರೋಗ್ಯ ಸಹಾಯಕಿಯಾಗಿ ದುಡಿದು ನಿವೃತ್ತಳಾದವಳು. ಗುರುವಾರ ಬಂತೆಂದರೆ ಲಸಿಕೆ ಪೆಟ್ಟಿಗೆ, ಐಸ್ ಪ್ಯಾಕ್, ತಾಯಿ ಕಾರ್ಡ್‌ಗಳ ಕಂತೆ. ನನ್ನ ಸೇವಾವಧಿಯೆಲ್ಲ ಹೀಗೆಯೇ ಕಳೆಯಿತು. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಎಂಬ ಹೆಸರುಗಳು ಇಂದಿನ ಎಳೆಯ ತಾಯಂದಿರಿಗೆ ಗುರುತೇ ಇಲ್ಲದಂತಾಗಿರುವುದಕ್ಕೆ ಲಸಿಕೆಯೇ ಕಾರಣ. ಈ ವಿಷಯದಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ, ಯಾರೊಡನೆ ಬೇಕಾದರೂ ವಾದಕ್ಕೆ ನಿಲ್ಲುತ್ತೇನೆ. ಲಸಿಕೆಯ ಪರವಾಗಿರುವುದರಿಂದಲೇ ತಮಗೆ ಈ ಪತ್ರ ಬರೆಯುತ್ತಿದ್ದೇನೆ.

ಯಾವುದೇ ರೋಗ ತಲೆಯೆತ್ತಿದಾಗ ‘ಕಡ್ಡಾಯ ಮಾಡಿ, ಒಪ್ಪದವರಿಗೆ ದಂಡ ಹಾಕಿ’ ಎಂಬ ಕೂಗು ಏಳುತ್ತದೆ. 2021ರಲ್ಲಿ ನಮ್ಮ ರಾಜ್ಯದಲ್ಲೇ ಕೆಲವೆಡೆ ‘ಲಸಿಕೆ ಇಲ್ಲದಿದ್ದರೆ ಪಡಿತರವಿಲ್ಲ’ ಎಂಬ ಮಾತು ಅಧಿಕಾರಿಗಳ ಬಾಯಿಂದ ಬಂತು. ಇನ್ನೊಂದು ಕಡೆ, ಲಸಿಕೆಯನ್ನೇ ಒಪ್ಪದವರು ಮೊಬೈಲಿನಿಂದ ಮೊಬೈಲಿಗೆ ಒಂದು ಸಂದೇಶ ಹರಿಬಿಡುತ್ತಾರೆ: ‘ಸ್ವಿಟ್ಜರ್‌ಲ್ಯಾಂಡಿನಂಥ ಮುಂದುವರಿದ ದೇಶದ ಜನರೇ ಮತ ಹಾಕಿ ಲಸಿಕೆಯನ್ನು ತಿರಸ್ಕರಿಸಿದ್ದಾರೆ.’ ಕಡ್ಡಾಯ ಕೇಳುವವರೂ ಈ ಸಂದೇಶ ಹಂಚುವವರೂ ಆ ಮತದಾನದ ಕಥೆಯನ್ನು ಪೂರ್ತಿಯಾಗಿ ತಿಳಿದಂತಿಲ್ಲ. ಕಾನೂನು ಮಾಡುವ ತಾವಾದರೂ ಅದನ್ನು ಕೊನೆಯವರೆಗೆ ಕೇಳಬೇಕೆಂಬುದು ನನ್ನ ವಿನಂತಿ.

1871ರ ಫೆಬ್ರುವರಿಯಲ್ಲಿ, ಪ್ರಷ್ಯಾದ ಸೇನೆಗೆ ಸೋತ ಫ್ರಾನ್ಸಿನ ಸುಮಾರು 87,000 ಸೈನಿಕರು ಹಿಮದಲ್ಲಿ ನಡೆದು ಗಡಿ ದಾಟಿ ಸ್ವಿಟ್ಜರ್‌ಲ್ಯಾಂಡಿನಲ್ಲಿ ಆಶ್ರಯ ಪಡೆದರು. ಅವರ ಜೊತೆಗೆ ಸಿಡುಬೂ ಬಂತು. ಆ ಯುದ್ಧದ ಬೆನ್ನಿಗೆ ಯುರೋಪಿನ ಬಹುಭಾಗದಲ್ಲಿ ಸಿಡುಬು ಹಬ್ಬಿತು. ಜರ್ಮನಿ 1874ರಲ್ಲಿ ಲಸಿಕೆಯನ್ನು ಕಡ್ಡಾಯಗೊಳಿಸಿತು. ಅದೇ ವರ್ಷ ಸ್ವಿಟ್ಜರ್‌ಲ್ಯಾಂಡ್ ತನ್ನ ಸಂವಿಧಾನವನ್ನು ತಿದ್ದಿಕೊಂಡು ಎರಡು ಹೊಸ ಅಧಿಕಾರಗಳನ್ನು ಒಟ್ಟಿಗೇ ಬರೆದುಕೊಂಡಿತು. ಸಾಂಕ್ರಾಮಿಕ ರೋಗಗಳ ವಿರುದ್ಧ ಕಾನೂನು ಮಾಡುವ ಅಧಿಕಾರ ಒಕ್ಕೂಟ ಸರ್ಕಾರಕ್ಕೆ ಸಿಕ್ಕಿತು. ಸಂಸತ್ತು ಮಾಡಿದ ಕಾನೂನಿನ ವಿರುದ್ಧ 30,000 ಸಹಿ ಸಂಗ್ರಹಿಸಿ ಅದನ್ನು ಮತಕ್ಕೆ ಹಾಕಿಸುವ ಅಧಿಕಾರ ಜನರಿಗೆ ಸಿಕ್ಕಿತು. ಎಂಟು ವರ್ಷಗಳ ನಂತರ ಈ ಎರಡೂ ಎದುರುಬದುರಾದವು.

1882ರ ಜನವರಿ ಕೊನೆಯಲ್ಲಿ ಸಂಸತ್ತು ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನು ಅಂಗೀಕರಿಸಿತು. ಸಿಡುಬು, ಕಾಲರಾ, ಟೈಫಸ್ ಜ್ವರ ಮತ್ತು ಪ್ಲೇಗ್ ಈ ನಾಲ್ಕು ರೋಗಗಳಿಗೆ ಸಂಬಂಧಿಸಿದ ಕಾಯ್ದೆ ಅದು. ರೋಗದ ಸುದ್ದಿ ಕೊಡುವುದು, ರೋಗಿಯನ್ನು ಬೇರ್ಪಡಿಸಿ ಇಡುವುದು, ಸೋಂಕು ನಿವಾರಣೆ ಎಲ್ಲವೂ ಅದರಲ್ಲಿದ್ದವು. ಇವುಗಳ ಜೊತೆಗೆ ಸಿಡುಬಿನ ಲಸಿಕೆ ದೇಶಕ್ಕೆಲ್ಲ ಕಡ್ಡಾಯ, ತಪ್ಪಿದರೆ ಶಿಕ್ಷೆ ಎಂಬ ಭಾಗವೂ ಇತ್ತು. ವಿರೋಧಿಗಳು ಊರೂರು ತಿರುಗಿದರು. ಬೇಕಿದ್ದದ್ದು 30,000 ಸಹಿ, ಬಂದದ್ದು ಸುಮಾರು 80,000. ಜುಲೈ 30ರಂದು ಮತದಾನವಾಯಿತು. ನೂರಕ್ಕೆ 78.9 ಮಂದಿ ‘ಬೇಡ’ ಎಂದರು.

ಅದೇ ದಿನ ಅದೇ ಮತದಾರರ ಮುಂದೆ ಹೊಸ ಆವಿಷ್ಕಾರಗಳಿಗೆ ಪೇಟೆಂಟ್ ರಕ್ಷಣೆ ಕೊಡುವ ಪ್ರಸ್ತಾವವೂ ಇತ್ತು. ಅದಕ್ಕೂ ‘ಬೇಡ’ ಎಂದರು, ಆದರೆ ಕೂದಲೆಳೆಯ ಅಂತರದಲ್ಲಿ: ನೂರಕ್ಕೆ 52.5. ಎಂದರೆ ಅಂದು ಬೆಳಿಗ್ಗೆ ಮನೆಯಿಂದ ಹೊರಟವರು ಒಕ್ಕೂಟ ಸರ್ಕಾರ ಕೂತಿರುವ ಬರ್ನ್ ನಗರದಿಂದ ಬಂದದ್ದನ್ನೆಲ್ಲ ಕಣ್ಣುಮುಚ್ಚಿ ತಳ್ಳಿಹಾಕಲು ಹೊರಟವರಲ್ಲ. ಲಸಿಕೆಯ ಕಾಯ್ದೆಯ ಮೇಲೆಯೇ ಅವರಿಗೆ ವಿಶೇಷ ಸಿಟ್ಟಿತ್ತು.

ಆ ಸಿಟ್ಟಿಗೆ ಹಲವು ಬೇರುಗಳಿದ್ದವು. ಕ್ಯಾಂಟನ್‌ಗಳು, ಅಂದರೆ ನಮ್ಮ ರಾಜ್ಯಗಳ ಹಾಗೆ ತಮ್ಮದೇ ಸರ್ಕಾರವಿರುವ ಘಟಕಗಳು, ತಮ್ಮ ಅಧಿಕಾರವನ್ನು ಬರ್ನ್ ಕಸಿದುಕೊಳ್ಳುತ್ತಿದೆ ಎಂದವು. ಬಹಳಷ್ಟು ಕ್ಯಾಂಟನ್‌ಗಳಲ್ಲಿ ಲಸಿಕೆ ಆಗಲೇ ಕಡ್ಡಾಯವಾಗಿತ್ತು ಎಂಬುದನ್ನು ತಾವು ಗಮನಿಸಬೇಕು. ಪ್ರಕೃತಿ ಚಿಕಿತ್ಸೆಯವರು ತಮ್ಮ ನಂಬಿಕೆಗೆ ತಕ್ಕಂತೆ ವಿರೋಧಿಸಿದರು. ವೈದ್ಯರಲ್ಲಿ ಬಹುಪಾಲು ಜನ ಲಸಿಕೆಯ ಪರವಿದ್ದರೂ ಬರ್ನ್ ವಿಶ್ವವಿದ್ಯಾಲಯದಲ್ಲಿ ಆರೋಗ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅಡಾಲ್ಫ್ ವೋಗ್ಟ್ ಅವರಂಥವರು ವಿರೋಧಿಗಳ ಪಾಳೆಯದಲ್ಲಿದ್ದರು. ಪಂಡಿತರೇ ಬೇಡವೆನ್ನುವಾಗ ಹಳ್ಳಿಯ ಗೃಹಸ್ಥ ಯಾರನ್ನು ನಂಬಬೇಕು?

ಎಲ್ಲಕ್ಕಿಂತ ಹೆಚ್ಚಾಗಿ, ಭಯಪಡಲು ಅವರಿಗೆ ನಿಜವಾದ ಕಾರಣವಿತ್ತು. ಇದನ್ನು ಸೂಜಿ ಹಿಡಿದ ಕೈಯವಳಾಗಿ ಹೇಳುತ್ತಿದ್ದೇನೆ. ಆ ಕಾಲದಲ್ಲಿ ಲಸಿಕೆಯೆಂದರೆ ಮುಚ್ಚಿದ ಸೀಸೆಯಿಂದ ಹೊಸ ಸಿರಿಂಜಿಗೆ ಬರುವ ಔಷಧವಲ್ಲ. ಒಂದು ಮಗುವಿನ ತೋಳಿನಲ್ಲಿ ಎದ್ದ ಗುಳ್ಳೆಯ ರಸವನ್ನು ತೆಗೆದು ಇನ್ನೊಂದು ಮಗುವಿನ ತೋಳಿಗೆ ಗೀರಿ ಹಾಕುವ ಪದ್ಧತಿ ಇನ್ನೂ ಬಳಕೆಯಲ್ಲಿತ್ತು. ಮೊದಲ ಮಗುವಿನ ರಕ್ತದಲ್ಲಿ ಏನಿದೆಯೆಂದು ತಿಳಿಯುವ ದಾರಿಯಿರಲಿಲ್ಲ. ಹೀಗೆ ಸಿಫಿಲಿಸ್ ದಾಟಿದ ಪ್ರಸಂಗಗಳು ಯುರೋಪಿನಲ್ಲಿ ದಾಖಲಾಗಿದ್ದವು. ಗೀರಿದ ಗಾಯ ಕೀವಾಗಿ, ತೋಳು ಊದಿ, ಜ್ವರ ಬರುತ್ತಿದ್ದದ್ದಂತೂ ಎಲ್ಲರೂ ಕಂಡದ್ದೇ. ಕರುಗಳ ಮೈಮೇಲೆ ಬೆಳೆಸಿದ ರಸವನ್ನು ಬಳಸುವ ಸುರಕ್ಷಿತ ವಿಧಾನ ಆಗಷ್ಟೇ ಹಬ್ಬುತ್ತಿತ್ತು. ಮುಂದೆ ನಮ್ಮ ಬೆಳಗಾವಿಯಲ್ಲಿ ಸಿಡುಬಿನ ಲಸಿಕೆ ತಯಾರಾದದ್ದು ಈ ವಿಧಾನದಲ್ಲೇ. ತಿಲಕವಾಡಿಯ ಆ ಜಾಗವನ್ನು ಊರವರು ಇಂದಿಗೂ ವ್ಯಾಕ್ಸಿನ್ ಡಿಪೋ ಎಂದೇ ಕರೆಯುತ್ತಾರೆ. 1882ರ ತಂದೆಯೊಬ್ಬ ‘ನನ್ನ ಮಗುವಿನ ಮೈಗೆ ಯಾರ ಮೈಯ ರಸ ಹಾಕುತ್ತೀರಿ?’ ಎಂದು ಕೇಳಿದ್ದರೆ ಅವನನ್ನು ಮೂಢನೆನ್ನಲು ನನಗೆ ಬಾಯಿ ಬರುವುದಿಲ್ಲ. ಆ ಪ್ರಶ್ನೆಗೆ ಸಮಾಧಾನದ ಉತ್ತರ ಕೊಡಬೇಕಿದ್ದ ಸರ್ಕಾರ ಅವನಿಗೆ ದಂಡದ ಭಯ ತೋರಿಸಿತು.

‘ತಂದೆ’ ಎಂದು ಬೇಕೆಂದೇ ಬರೆದೆ. ಅಂದು ಮತ ಹಾಕಿದವರು ಗಂಡಸರು ಮಾತ್ರ. ಸ್ವಿಟ್ಜರ್‌ಲ್ಯಾಂಡಿನ ಹೆಂಗಸರಿಗೆ ರಾಷ್ಟ್ರಮಟ್ಟದಲ್ಲಿ ಮತದ ಹಕ್ಕು ಬಂದದ್ದು 1971ರಲ್ಲಿ. ರಾತ್ರಿಯೆಲ್ಲ ಜ್ವರದ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತ ತಾಯಿಯನ್ನು ಯಾರೂ ಕೇಳಲಿಲ್ಲ, ಲಸಿಕೆ ಬೇಕೆಂದೂ ಬೇಡವೆಂದೂ. ‘ಜನ ತಿರಸ್ಕರಿಸಿದರು’ ಎನ್ನುವವರು ಈ ಮಾತನ್ನೂ ನೆನಪಿಡಬೇಕು. ನನ್ನ ಅನುಭವದಲ್ಲಿ ಲಸಿಕೆಯ ಪ್ರಶ್ನೆ ತೀರ್ಮಾನವಾಗುವುದು ತಾಯಿಯ, ಅಜ್ಜಿಯ ಬಾಯಿಂದ. ಗಂಡಸರು ಸಾಮಾನ್ಯವಾಗಿ ‘ಮನೆಯಲ್ಲಿ ಕೇಳಿ’ ಎಂದು ತೋಟಕ್ಕೆ ಹೊರಟುಬಿಡುತ್ತಾರೆ.

ಸೋತ ಮೇಲೆ ಸ್ವಿಸ್ ಸಂಸತ್ತು ಏನು ಮಾಡಿತು ಎಂಬುದು ನಮ್ಮ ಮೊಬೈಲ್ ಸಂದೇಶಗಳಲ್ಲಿ ಬರುವುದಿಲ್ಲ. ಅದು ಕಾಯ್ದೆಯನ್ನು ಕಸದ ಬುಟ್ಟಿಗೆ ಹಾಕಲಿಲ್ಲ. ಕಡ್ಡಾಯ ಲಸಿಕೆಯ ಭಾಗವನ್ನು ತೆಗೆದು, ಉಳಿದದ್ದನ್ನು ಇಟ್ಟುಕೊಂಡು 1886ರಲ್ಲಿ ಹೊಸ ಕಾಯ್ದೆ ತಂದಿತು. ಅದೇ ನಾಲ್ಕು ರೋಗ, ಅದೇ ಸುದ್ದಿ ಕೊಡುವ ಜವಾಬ್ದಾರಿ, ಅದೇ ಬೇರ್ಪಡಿಸುವಿಕೆ. ಈ ಸಲ ಯಾರೂ ಅದನ್ನು ಮತಕ್ಕೆ ಎಳೆಯಲಿಲ್ಲ, ಕಾಯ್ದೆ ಜಾರಿಗೆ ಬಂತು. ನಾಲ್ಕು ವರ್ಷ ಮೊದಲೇ ಆಗಬಹುದಾಗಿದ್ದ ಕೆಲಸ ಅದು. ಒಂದು ಕಲಂನ ಹಟದಿಂದಾಗಿ ಆ ನಾಲ್ಕು ವರ್ಷ ರಾಷ್ಟ್ರಮಟ್ಟದಲ್ಲಿ ಕಾಲರಾಕ್ಕೂ ಪ್ಲೇಗಿಗೂ ಒಂದು ನಿಯಮವಿಲ್ಲದಂತಾಯಿತು.

ಇನ್ನೊಂದು ಬದಿಯನ್ನೂ ಮುಚ್ಚಿಡುವುದಿಲ್ಲ. ಆ ‘ಬೇಡ’ಕ್ಕೆ ಬೆಲೆ ತೆರಬೇಕಾಯಿತು. ಗೆದ್ದವರ ಹುರುಪು ಕ್ಯಾಂಟನ್‌ಗಳಿಗೂ ಹರಡಿತು. ಜೂರಿಚ್ ಕ್ಯಾಂಟನ್ 1883ರಲ್ಲಿ ಜನಮತದಿಂದಲೇ ತನ್ನ ಹಳೆಯ ಕಡ್ಡಾಯ ನಿಯಮವನ್ನು ತೆಗೆದುಹಾಕಿತು. ಮುಂದಿನ ವರ್ಷಗಳಲ್ಲಿ ಅಲ್ಲಿ ಸಿಡುಬು ಮತ್ತೆ ಕಾಣಿಸಿಕೊಂಡಿತು. 1920ರ ದಶಕದ ಮೊದಲ ವರ್ಷಗಳಲ್ಲಿ, ಪಕ್ಕದ ಜರ್ಮನಿಯಲ್ಲಿ ಸಿಡುಬು ಬಹುಮಟ್ಟಿಗೆ ಅಡಗಿದ್ದಾಗ, ಸ್ವಿಟ್ಜರ್‌ಲ್ಯಾಂಡಿನಲ್ಲಿ ಸಾವಿರಾರು ಮಂದಿಗೆ ಅದು ಬಂತು. ಸೌಮ್ಯ ಬಗೆಯ ಸಿಡುಬಾದ್ದರಿಂದ ಸತ್ತವರು ಕಡಿಮೆ, ಅದೊಂದೇ ಪುಣ್ಯ. ಮತದಿಂದ ಕಾನೂನು ಬದಲಾಗುತ್ತದೆ, ವೈರಸ್ಸಿನ ಗುಣ ಬದಲಾಗುವುದಿಲ್ಲ. ಆದ್ದರಿಂದ ಸ್ವಿಟ್ಜರ್‌ಲ್ಯಾಂಡಿನ ಹೆಸರು ಹೇಳಿ ಮಗುವಿನ ಲಸಿಕೆ ತಪ್ಪಿಸುವವರಿಗೆ ಈ ಕಥೆಯಲ್ಲಿ ಆಸರೆಯಿಲ್ಲ.

ಮತ ಕೇಳಿದರೆ ಜನ ಯಾವಾಗಲೂ ಲಸಿಕೆಯ ವಿರುದ್ಧವೇ ಹೋಗುತ್ತಾರೆ ಎಂದು ತಾವು ಹೆದರಬೇಕಾಗಿಲ್ಲ. 1920ರ ನವೆಂಬರಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಮತ್ತು ಆರೆಗಾನ್ ರಾಜ್ಯಗಳಲ್ಲಿ ಕಡ್ಡಾಯ ಲಸಿಕೆಯನ್ನು ನಿಷೇಧಿಸುವ ಪ್ರಸ್ತಾವಗಳು ಮತಕ್ಕೆ ಬಂದು ಎರಡೂ ಬಿದ್ದುಹೋದವು. 2020ರ ಮಾರ್ಚ್ 3ರಂದು ಮೇನ್ ರಾಜ್ಯದಲ್ಲಿ, ಶಾಲಾ ಮಕ್ಕಳ ಲಸಿಕೆಗೆ ಧರ್ಮ ಅಥವಾ ತತ್ತ್ವದ ಕಾರಣ ಕೊಟ್ಟು ವಿನಾಯಿತಿ ಪಡೆಯುವುದನ್ನು ನಿಲ್ಲಿಸಿದ ಕಾನೂನನ್ನು ರದ್ದುಪಡಿಸಲು ಮತದಾನ ನಡೆಯಿತು. ಕಾನೂನು ಬೀಳಲೆಂದು ಹೋರಾಡಿದವರು ಲಸಿಕೆಯ ಮಾತನ್ನು ಬದಿಗಿಟ್ಟು ‘ದೊಡ್ಡ ಔಷಧ ಕಂಪನಿಗಳನ್ನು ತಿರಸ್ಕರಿಸಿ’ ಎಂದು ಬೀದಿಬೀದಿಯಲ್ಲಿ ಫಲಕ ನೆಟ್ಟಿದ್ದರು. ಆದರೂ ಸುಮಾರು ನೂರಕ್ಕೆ 73 ಮಂದಿ ಕಾನೂನನ್ನು ಉಳಿಸಿಕೊಂಡರು.

ಜನರನ್ನು ಕೇಳುವ ದಾರಿಯೇ ಇಲ್ಲದ ಕಡೆ ಏನಾಯಿತೆಂಬುದಕ್ಕೆ ಬ್ರೆಜಿಲ್ ಇದೆ. 1904ರ ಅಕ್ಟೋಬರ್ ಕೊನೆಯಲ್ಲಿ ಅಲ್ಲಿನ ಸರ್ಕಾರ ಸಿಡುಬಿನ ಲಸಿಕೆಯನ್ನು ಕಡ್ಡಾಯ ಮಾಡಿತು. ಹದಿನೈದು ದಿನವೂ ಕಳೆದಿರಲಿಲ್ಲ, ರಿಯೊ ಡಿ ಜನೈರೊ ನಗರದಲ್ಲಿ ಜನ ಟ್ರಾಮುಗಳನ್ನು ಉರುಳಿಸಿ ಬೀದಿಗೆ ಅಡ್ಡ ಹಾಕಿದರು. ಬಡವರ ಮನೆಗಳನ್ನು ಕೆಡವಿ ನಗರವನ್ನು ‘ಸ್ವಚ್ಛ’ ಮಾಡುತ್ತಿದ್ದ ಅದೇ ಸರ್ಕಾರದ ನೌಕರರು ಈಗ ಸೂಜಿ ಹಿಡಿದು ಒಳಗೆ ಬರುತ್ತಾರೆ ಎಂಬುದೇ ಅವರ ರೊಚ್ಚಿಗೆ ಮೂಲ. ಆರೋಗ್ಯಾಧಿಕಾರಿ ಓಸ್ವಾಲ್ಡೊ ಕ್ರೂಸ್ ಸಾಮಾನ್ಯರಲ್ಲ, ಹಳದಿ ಜ್ವರವನ್ನು ಹಿಮ್ಮೆಟ್ಟಿಸಿದ ವಿಜ್ಞಾನಿ. ಅವರ ವಿಜ್ಞಾನ ಸರಿಯಾಗಿತ್ತು. ಸರ್ಕಾರ ಕಡ್ಡಾಯವನ್ನು ಹಿಂತೆಗೆದುಕೊಂಡಿತು. 1908ರಲ್ಲಿ ಸಿಡುಬು ಮರಳಿ ಬಂದು ಆ ಒಂದೇ ನಗರದಲ್ಲಿ ಆರು ಸಾವಿರಕ್ಕೂ ಹೆಚ್ಚು ಜನರನ್ನು ಕೊಂದಿತು. ಈ ಸಾವುಗಳ ಹೊಣೆಯನ್ನು ಗಲಭೆ ಮಾಡಿದವರ ತಲೆಗೆ ಮಾತ್ರ ಕಟ್ಟಲು ನನ್ನ ಮನಸ್ಸು ಒಪ್ಪುವುದಿಲ್ಲ.

ನಮ್ಮಲ್ಲೂ ಜನಮತಗಣನೆಯ ವ್ಯವಸ್ಥೆಯಿಲ್ಲ. ಆದರೂ ನಮ್ಮ ಜನ ಮತ ಹಾಕುತ್ತಾರೆ, ತಮ್ಮ ಮನೆಯ ಬಾಗಿಲಲ್ಲಿ. 2017ರ ಫೆಬ್ರುವರಿಯಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆಯ ದೊಡ್ಡ ಅಭಿಯಾನ ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಹಾಕಬೇಕಿತ್ತು. ನಮ್ಮ ತಂಡ ಒಂದು ಶಾಲೆಗೆ ಹೋದಾಗ ತರಗತಿಯ ಅರ್ಧ ಬೆಂಚು ಖಾಲಿ. ಮಕ್ಕಳಾಗದಂತೆ ಮಾಡುವ ಸೂಜಿ ಇದೆಂದು ಹಿಂದಿನ ರಾತ್ರಿ ಊರಲ್ಲೆಲ್ಲ ಸಂದೇಶ ಹರಿದಾಡಿತ್ತು. ಒಂದು ಮನೆಗೆ ಹೋದೆ. ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದ ಅಜ್ಜಿ ಮೆಟ್ಟುಗತ್ತಿಯಿಂದ ಕೈ ತೆಗೆಯದೆ ಕೇಳಿದರು: “ಅಕ್ಕಾವ್ರೇ, ಇಷ್ಟು ವರ್ಷ ನೀವು ಹಾಕಿದ್ದೆಲ್ಲ ನಾವೇ ಕರೆದುಕೊಂಡು ಬಂದು ಹಾಕಿಸಿದೆವು. ಇದಕ್ಕೆ ಮಾತ್ರ ಶಾಲೆಯಲ್ಲಿ, ನಾವಿಲ್ಲದಾಗ ಯಾಕೆ?”

ಆ ಅಜ್ಜಿಗೆ ರುಬೆಲ್ಲಾ ಎಂದರೇನೆಂದು ಯಾರೂ ಹೇಳಿರಲಿಲ್ಲ. ಬಸುರಿಗೆ ಆ ಸೋಂಕು ತಗಲಿದರೆ ಹುಟ್ಟುವ ಮಗುವಿನ ಕಣ್ಣು, ಕಿವಿ, ಹೃದಯಕ್ಕೆ ಪೆಟ್ಟು ಬೀಳುತ್ತದೆ, ಹೆಣ್ಣುಮಕ್ಕಳ ಮುಂದಿನ ಬಸುರನ್ನು ಕಾಯಲೆಂದೇ ಈ ಸೂಜಿ ಎಂದು ಕೂತು ವಿವರಿಸಿದೆ. ಊರಲ್ಲಿ ಹಬ್ಬಿದ್ದ ಸುಳ್ಳಿಗೆ ನೇರ ಎದುರಾದ ಸತ್ಯ ಅದು. ಮರುದಿನ ಅಜ್ಜಿ ಇಬ್ಬರು ಮೊಮ್ಮಕ್ಕಳನ್ನೂ ತಾವೇ ಉಪಕೇಂದ್ರಕ್ಕೆ ಕರೆತಂದರು. ಅಂದು ನನ್ನ ಕೈಯಲ್ಲಿ ದಂಡದ ರಸೀದಿ ಪುಸ್ತಕ ಇದ್ದಿದ್ದರೆ ಆ ಜಗಲಿಯಲ್ಲಿ ನನಗೆ ಕೂರಲು ಮಣೆ ಸಿಗುತ್ತಿರಲಿಲ್ಲ.

ಮಲೆನಾಡಿನವಳಾಗಿ ಇನ್ನೊಂದು ಮಾತನ್ನೂ ಹೇಳಲೇಬೇಕು. ಮಂಗನ ಕಾಯಿಲೆಯ ಲಸಿಕೆಯನ್ನು ನಮ್ಮ ಜನ ವರ್ಷಗಟ್ಟಲೆ ಹಾಕಿಸಿಕೊಂಡರು. ತುಂಬಾ ನೋಯುವ ಸೂಜಿ ಅದು, ಒಂದು ಸಲಕ್ಕೆ ಮುಗಿಯುವುದೂ ಅಲ್ಲ. ‘ಹಾಕಿಸಿಕೊಂಡವರಿಗೂ ಕಾಯಿಲೆ ಬರುತ್ತಿದೆಯಲ್ಲ?’ ಎಂದು ಕಾಡಂಚಿನ ಜನ ಕೇಳುತ್ತಲೇ ಇದ್ದರು. ಕೊನೆಗೆ ಆ ಲಸಿಕೆಯಿಂದ ಸಾಕಷ್ಟು ರಕ್ಷಣೆ ಸಿಗುತ್ತಿಲ್ಲವೆಂದು ಅದನ್ನು ನಿಲ್ಲಿಸಲಾಯಿತು. ಜನರ ಪ್ರಶ್ನೆಯಲ್ಲಿ ಹುರುಳಿತ್ತು. ಅಂಥ ಲಸಿಕೆಯನ್ನು ಕಡ್ಡಾಯ ಮಾಡಿ ದಂಡ ವಸೂಲಿ ಮಾಡಿದ್ದರೆ, ಇಂದು ಅದೇ ಮನೆಗಳಿಗೆ ದಡಾರದ ಸೂಜಿ ಹಿಡಿದು ಹೋಗಲು ಯಾವ ಆಶಾ ಕಾರ್ಯಕರ್ತೆಗೆ ಧೈರ್ಯವಿರುತ್ತಿತ್ತು? ಹೊಸ ಲಸಿಕೆ ಬಂದ ದಿನ ಮತ್ತೆ ಇದೇ ಜನರ ಮುಂದೆ ನಿಲ್ಲಬೇಕು.

ಈಗ ಸ್ವಿಟ್ಜರ್‌ಲ್ಯಾಂಡಿನ ಕಥೆಯ ಎರಡನೆಯ ಭಾಗ. 2013ರ ಸೆಪ್ಟೆಂಬರ್ 22ರಂದು ಆ ದೇಶದ ಜನ ಪರಿಷ್ಕೃತ ಸಾಂಕ್ರಾಮಿಕ ರೋಗಗಳ ಕಾಯ್ದೆಯ ಮೇಲೆ ಮತ್ತೆ ಮತ ಹಾಕಿದರು. ಈ ಸಲವೂ ಅದರಲ್ಲಿ ಕಡ್ಡಾಯದ ಕಲಂ ಇತ್ತು. ಆದರೆ ಅದಕ್ಕೆ ಎಂಥ ಬೇಲಿ ಹಾಕಿದ್ದರು ನೋಡಿ. ಗಂಭೀರ ಅಪಾಯವಿದ್ದಾಗ ಮಾತ್ರ. ಎಲ್ಲರಿಗೂ ಅಲ್ಲ, ಹೆಚ್ಚು ಅಪಾಯದಲ್ಲಿರುವ ಗುಂಪುಗಳಿಗೆ ಮತ್ತು ಕೆಲವು ನಿರ್ದಿಷ್ಟ ಕೆಲಸ ಮಾಡುವವರಿಗೆ ಮಾತ್ರ. ಯಾರನ್ನೂ ಹಿಡಿದು ಬಲವಂತವಾಗಿ ಸೂಜಿ ಚುಚ್ಚುವಂತಿಲ್ಲ. ನೂರಕ್ಕೆ 60 ಮಂದಿ ಒಪ್ಪಿದರು. 1882ರಲ್ಲಿ ನೂರಕ್ಕೆ 21 ಮತ ಪಡೆದ ವಿಚಾರ, ಮಿತಿ ಹಾಕಿ ಬರೆದಾಗ, ಗೆದ್ದಿತು. ಕೋವಿಡ್ ಕಾಲದಲ್ಲಿ, ಊಟದ ಹೋಟೆಲಿಗೆ ಹೋಗಲೂ ಪ್ರಮಾಣಪತ್ರ ತೋರಿಸಬೇಕಾಗಿದ್ದಾಗ, ಅದಕ್ಕೆ ಆಧಾರವಾದ ಕಾಯ್ದೆಯನ್ನು 2021ರ ನವೆಂಬರ್ 28ರಂದು ನೂರಕ್ಕೆ 62 ಮಂದಿ ಎತ್ತಿಹಿಡಿದರು. ಬೀದಿಯಲ್ಲಿ ವಾರವಾರವೂ ಪ್ರತಿಭಟನೆ ನಡೆಯುತ್ತಿದ್ದ ಕಾಲವದು. ಮತಗಟ್ಟೆಗೂ ಅಂಚೆಪೆಟ್ಟಿಗೆಗೂ ಜನ ದಂಡಾಗಿ ಬಂದರು. ಮತದಾನದ ಪ್ರಮಾಣ ಸುಮಾರು ನೂರಕ್ಕೆ 66, ಅಲ್ಲಿನ ಮಟ್ಟಿಗೆ ಬಹಳ ದೊಡ್ಡದು.

ನನ್ನ ತಂಗಿಯ ಮಗಳು ಈಗ ಆ ದೇಶದ ಪ್ರಜೆ. ಆ ಮತದಾನಕ್ಕೆ ಮೊದಲು ಅವಳ ಮನೆಗೆ ಬಂದ ಲಕೋಟೆಯನ್ನು ಊರಿಗೆ ಬಂದಾಗ ತಂದು ತೋರಿಸಿದಳು. ಒಳಗೊಂದು ಕೆಂಪು ಹೊದಿಕೆಯ ತೆಳು ಕಿರುಪುಸ್ತಕ. ಒಂದೊಂದು ಪುಟವನ್ನೂ ಕನ್ನಡದಲ್ಲಿ ಬಿಡಿಸಿ ಹೇಳಿದಳು. ಮೊದಲು ಕಾಯ್ದೆಯ ಸಾರಾಂಶ. ಆಮೇಲೆ ವಿವರ. ಅದಾದ ಮೇಲೆ ಕಾಯ್ದೆ ಬೇಡವೆನ್ನುವ ಸಮಿತಿಯ ವಾದ, ಅವರದೇ ಮಾತುಗಳಲ್ಲಿ, ಸರ್ಕಾರದ ಖರ್ಚಿನಲ್ಲಿ. ಅದರ ಮುಂದೆ ಸರ್ಕಾರದ ವಾದ. ಕೊನೆಗೆ ಕಾಯ್ದೆಯ ಪೂರ್ಣ ಪಠ್ಯ. ಇದು ಪ್ರತಿ ಮತದಾರನ ಮನೆಗೆ ಹೋಗುತ್ತದೆ. ವಿರೋಧಿಗಳ ಪುಟವನ್ನು ಅವಳು ಓದಿ ಹೇಳುವಾಗ ನನಗೆ ನಮ್ಮ ಅಜ್ಜಿಯಂದಿರು ಕೇಳುವ ಪ್ರಶ್ನೆಗಳೇ ಕೇಳಿಸಿದವು. ವ್ಯತ್ಯಾಸವೆಂದರೆ ಅಲ್ಲಿ ಆ ಪ್ರಶ್ನೆ ಅಚ್ಚಾಗಿ, ಪಕ್ಕದಲ್ಲೇ ಉತ್ತರವೂ ಅಚ್ಚಾಗಿ ಬರುತ್ತದೆ. ನಮ್ಮಲ್ಲಿ ಪ್ರಶ್ನೆ ಮೊಬೈಲಿನಲ್ಲಿ ಬರುತ್ತದೆ, ಉತ್ತರ ಹೇಳುವ ಹೊಣೆ ಬಿಸಿಲಲ್ಲಿ ನಡೆದು ಬರುವ ಆಶಾ ಕಾರ್ಯಕರ್ತೆಯ ಹೆಗಲಿಗೆ ಬೀಳುತ್ತದೆ.

ಆ ಕಿರುಪುಸ್ತಕದಲ್ಲೇ ಇನ್ನೊಂದು ವಿಷಯವಿತ್ತು, ಅದನ್ನು ಕೇಳಿ ನನ್ನ ಕಣ್ಣು ತುಂಬಿತು. ದಾದಿಯರ ಕೆಲಸದ ಪರಿಸ್ಥಿತಿ ಮತ್ತು ತರಬೇತಿಯನ್ನು ಸುಧಾರಿಸಬೇಕೆಂಬ ಪ್ರಸ್ತಾವವೂ ಅದೇ ದಿನ ಮತಕ್ಕಿತ್ತು. ನೂರಕ್ಕೆ 61 ಮಂದಿ ಒಪ್ಪಿದರು. ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಮಕ್ಕಳನ್ನು ಕಟ್ಟಿಕೊಂಡು ಧರಣಿ ಕೂರುವ ನಮ್ಮ ಹೆಣ್ಣುಮಕ್ಕಳು ನೆನಪಾದರು. ಲಸಿಕೆಯನ್ನು ಕಡ್ಡಾಯ ಮಾಡುವ ಮೊದಲು ಲಸಿಕೆ ಹಿಡಿದು ಹೋಗುವವರ ಸಂಬಳವನ್ನು ತಿಂಗಳಿಗೆ ಸರಿಯಾಗಿ ಕೊಡುವುದನ್ನು ಕಡ್ಡಾಯ ಮಾಡಿ ಎಂದು ಕೇಳಿದರೆ ಅದು ಅತಿಯಾಯಿತೇ?

ಮಾನ್ಯರೇ, ಜನಮತಗಣನೆ ಮಾಡಿ ಎಂದು ನಾನು ಕೇಳುತ್ತಿಲ್ಲ. ನಮ್ಮ ಸಂವಿಧಾನದಲ್ಲಿ ಆ ದಾರಿಯಿಲ್ಲ, ಮಗುವಿನ ಜೀವವನ್ನು ಬಹುಮತಕ್ಕೆ ಬಿಡುವುದೂ ನನಗೆ ಒಪ್ಪಿಗೆಯಿಲ್ಲ. ಕಡ್ಡಾಯವೇ ಕೂಡದು ಎಂದೂ ಹೇಳುವುದಿಲ್ಲ. ಆಸ್ಪತ್ರೆಯಲ್ಲಿ ಕೆಲಸ ಮಾಡುವ ಸಿಬ್ಬಂದಿ ಲಸಿಕೆ ಹಾಕಿಸಿಕೊಂಡಿರಲೇಬೇಕು ಎಂದರೆ ಅದನ್ನು ಮೊದಲು ಬೆಂಬಲಿಸುವವಳು ನಾನು. 2022ರ ಮೇ 2ರಂದು ಸುಪ್ರೀಂ ಕೋರ್ಟ್ ಹೇಳಿದ್ದೂ ಹೆಚ್ಚು ಕಡಿಮೆ ಇದನ್ನೇ. ಯಾರನ್ನೂ ಬಲವಂತವಾಗಿ ಲಸಿಕೆಗೆ ಒಳಪಡಿಸುವಂತಿಲ್ಲ, ಆದರೆ ಸಾರ್ವಜನಿಕ ಆರೋಗ್ಯದ ದೃಷ್ಟಿಯಿಂದ ಸರ್ಕಾರ ಮಿತಿಯೊಳಗಿನ ನಿರ್ಬಂಧಗಳನ್ನು ಹಾಕಬಹುದು ಎಂದಿತು. ಆ ಮಿತಿಯನ್ನು ಕಾಯ್ದೆಯಲ್ಲೇ ಬರೆಯಬೇಕಾದವರು ತಾವು. ಯಾವ ರೋಗಕ್ಕೆ, ಯಾರಿಗೆ, ಎಷ್ಟು ಕಾಲ ಎಂಬುದು ಸ್ಪಷ್ಟವಾಗಿರಲಿ. ಪಡಿತರ, ಪಿಂಚಣಿ, ಮಗುವಿನ ಶಾಲೆ ಇವುಗಳಿಗೆ ಕೈ ಹಾಕುವುದಿಲ್ಲ ಎಂದು ಅದರಲ್ಲೇ ಬರೆದುಕೊಡಿ.

ಮಸೂದೆಯನ್ನು ಸದನದಲ್ಲಿ ಮಂಡಿಸುವ ಮೊದಲು ಕನ್ನಡದಲ್ಲಿ ಪ್ರಕಟಿಸಿ. ಕರಡನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕೆಂಬ ನೀತಿಯನ್ನು ಕೇಂದ್ರ ಸರ್ಕಾರ 2014ರಲ್ಲೇ ತನಗೆ ಹಾಕಿಕೊಂಡಿದೆ, ನಾವೂ ಅದನ್ನು ಪಾಲಿಸಬಹುದು. ಗ್ರಾಮಸಭೆಗಳಲ್ಲಿ ಓದಿಸಿ. ಆ ಕೆಂಪು ಪುಸ್ತಕದಂಥದ್ದನ್ನು ಹದಿನಾರೇ ಪುಟದಲ್ಲಿ ಮುದ್ರಿಸಿ ಮನೆಮನೆಗೆ ತಲುಪಿಸಿ. ಅದರಲ್ಲಿ ವಿರೋಧಿಗಳ ಪ್ರಶ್ನೆಗಳು ಅವರದೇ ಮಾತಿನಲ್ಲಿರಲಿ. ಲಸಿಕೆಯಿಂದ ಜ್ವರ ಬರಬಹುದು, ಅಪರೂಪಕ್ಕೆ ತೊಂದರೆಯೂ ಆಗಬಹುದು, ಹಾಗಾದಾಗ ಯಾರಿಗೆ ದೂರು ಕೊಡಬೇಕು, ಚಿಕಿತ್ಸೆಯ ಖರ್ಚು ಯಾರದು ಎಂಬುದೂ ಇರಲಿ. ತೊಂದರೆಯ ಮಾತನ್ನು ನಾವೇ ಮೊದಲು ಹೇಳಿದ ಊರುಗಳಲ್ಲಿ ಎರಡನೆಯ ಡೋಸಿಗೆ ತಾಯಂದಿರು ತಪ್ಪದೆ ಬಂದದ್ದನ್ನು ನಾನು ಕಂಡಿದ್ದೇನೆ. ಮುಚ್ಚಿಟ್ಟ ಕಡೆ, ಮಗುವಿಗೆ ರಾತ್ರಿ ಜ್ವರ ಬಂದದ್ದೇ ಸಾಕು, ಮುಂದಿನ ಗುರುವಾರ ಇಡೀ ಕೇರಿ ಬರಲಿಲ್ಲ.

ಆ ಪುಸ್ತಕದ ಪ್ರಶ್ನೆಗಳನ್ನು ಬರೆಯಲು ತಜ್ಞರ ಸಮಿತಿಯ ಜೊತೆಗೆ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರನ್ನೂ ಕೂರಿಸಿ. ಜನ ಏನು ಕೇಳುತ್ತಾರೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಅದಕ್ಕೂ ಮೊದಲು ತಮ್ಮ ಕ್ಷೇತ್ರದ ಯಾವುದಾದರೊಂದು ಉಪಕೇಂದ್ರಕ್ಕೆ ತಾವೇ ಬನ್ನಿ. ಹಾರ, ಬ್ಯಾನರು, ಹಿಂಬಾಲಕರು ಬೇಡ. ಯಾವ ಗುರುವಾರವಾದರೂ ಸರಿ, ಬೆಳಿಗ್ಗೆ ಹತ್ತಕ್ಕೆ ತಾಯಂದಿರು ಸೇರಿರುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಮಹಿಳಾ ಆರೋಗ್ಯ ಸಹಾಯಕಿ
ಶಿವಮೊಗ್ಗ ಜಿಲ್ಲೆ